ಪದ ಬೇಕು, ತುರ್ತು: ಇಂಪೀರಿಯಲ್ ಪಿಜನ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಪಶ್ಚಿಮ ಘಟ್ಟದ ಕಾಡುದಾರಿಯೊಂದಕ್ಕೆ ಹಕ್ಕಿಗಳ ಫಲಕ ಬರೆಯುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ಎರಡು ಹೆಸರು ಮಾತ್ರ ಉಳಿದಿವೆ. ಗ್ರೀನ್ ಇಂಪೀರಿಯಲ್ ಪಿಜನ್ ತಗ್ಗಿನ ಕಾಡಿನದು, ಬೆನ್ನು, ರೆಕ್ಕೆ ಮಿರುಗುವ ಹಸಿರು. ಮೌಂಟನ್ ಇಂಪೀರಿಯಲ್ ಪಿಜನ್ ಎತ್ತರದ ದಟ್ಟ ಕಾಡಿನದು, ಕಂದು ಬೆನ್ನು, ಬಾಲದ ತುದಿಗೆ ಮಸುಕು ಬೂದು ಪಟ್ಟಿ. ಕರಡಿನಲ್ಲಿ ‘ಹಸಿರು ಸಾಮ್ರಾಜ್ಯ ಪಾರಿವಾಳ’, ‘ಬೆಟ್ಟದ ಸಾಮ್ರಾಜ್ಯ ಪಾರಿವಾಳ’ ಎಂದಿದೆ. ಕಿವಿಗೆ ಒಗ್ಗುತ್ತಿಲ್ಲ. ಮೊದಲನೆಯದಕ್ಕೆ ಸುಮ್ನೆ ‘ಹಸಿರು ಪಾರಿವಾಳ’ ಅನ್ನಬಹುದಾ?

ಉತ್ತರ:

ಸಾಮ್ರಾಜ್ಯವೂ ಬೇಡ, ಸಾಮ್ರಾಟನೂ ಬೇಡ. ಹೆಬ್ಬೆಳವ, ಅಂದರೆ ದೊಡ್ಡ ಬೆಳವ. ಹೆಬ್ಬಾವು, ಹೆಬ್ಬಾಗಿಲು ಇದ್ದ ಮೇಲೆ ಇದಕ್ಕೇನು ಕಷ್ಟ? ಹಸಿರು ಹೆಬ್ಬೆಳವ, ಮಲೆ ಹೆಬ್ಬೆಳವ. ಪಾರಿವಾಳ ಸಂಸ್ಕೃತದ ಪಾರಾವತದಿಂದ ಬಂದದ್ದು. ಬೆಳವ ನಮ್ಮದು. ಮನೆಯಲ್ಲೇ ಪದ ಇರುವಾಗ ಸಾಲ ಯಾಕೆ?

ಉತ್ತರ:

‘ಹಸಿರು ಪಾರಿವಾಳ’ ಖಂಡಿತ ಬೇಡ. ಆ ಹೆಸರು ಬೇರೆ ಹಕ್ಕಿಗೆ ಆಗಲೇ ಇದೆ. ಹಣ್ಣಾದ ಆಲದ ಮರಕ್ಕೆ ಗುಂಪುಗುಂಪಾಗಿ ಬರುತ್ತದಲ್ಲ, ಟ್ರೆರಾನ್ ಕುಲದ್ದು, ಅದು. ಎರಡೂ ಹಣ್ಣು ತಿನ್ನುವವೇ. ಆದರೆ ಟ್ರೆರಾನ್ ಹೊಟ್ಟೆಯಲ್ಲಿ ಬೀಜ ಅರೆದು ಹೋಗುತ್ತದೆ. ನಿಮ್ಮ ಎರಡು ಹಕ್ಕಿ ಡುಕುಲಾ ಕುಲದವು. ಬಾಯಿ ಅಗಲಿಸಿ ಕಾಡುಜಾಯಿಕಾಯಿಯ ಬೀಜವನ್ನೂ ಇಡಿಯಾಗಿ ನುಂಗುತ್ತವೆ. ಬೀಜದ ಮೇಲಿನ ಜಾಪತ್ರೆಯನ್ನಷ್ಟೇ ಅರಗಿಸಿಕೊಂಡು ಬೀಜವನ್ನು ಬೇರೆ ಕಡೆ ಹೊರಹಾಕುತ್ತವೆ. ಅಷ್ಟು ದಪ್ಪ ಬೀಜ ಹೊರಬಲ್ಲ ಹಕ್ಕಿ ಮಂಗಟ್ಟೆ (ಹಾರ್ನ್‌ಬಿಲ್) ಬಿಟ್ಟರೆ ಜಾಸ್ತಿ ಇಲ್ಲ. ಹೆಸರು ಒಂದೇ ಮಾಡಿದರೆ ಓದುವವರು ‘ಓ, ಇದು ಎಲ್ಲ ಕಡೆ ಇದೆ’ ಎಂದು ಮುಂದೆ ಹೋಗುತ್ತಾರೆ. ಇವು ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ. ಬೇಟೆಗೆ ಸಿಕ್ಕರೆ ಸಂಖ್ಯೆ ಬೇಗ ಚೇತರಿಸುವುದಿಲ್ಲ. ತೋಟಕ್ಕೆ, ರಸ್ತೆಗೆ ಮೊದಲು ಹೋಗುವುದೂ ತಗ್ಗಿನ ಕಾಡೇ. ಬೆಟ್ಟದ್ದರ ಕಥೆ ಬೇರೆ. ಘಟ್ಟದಲ್ಲಿರುವುದನ್ನು ಕೆಲವರು ಪ್ರತ್ಯೇಕ ಪ್ರಭೇದ ಎಂದೇ ಎಣಿಸುತ್ತಾರೆ. ಹಾಗಾದರೆ ಅದಕ್ಕೆ ಬೇರೆ ನೆಲೆಯೇ ಇಲ್ಲ.

ನನ್ನ ಸಲಹೆ: ಜೀವವಿಜ್ಞಾನಿ ಲಿನೇಯಸ್ 1766ರಲ್ಲಿ ಹಸಿರಿನದಕ್ಕೆ ವೈಜ್ಞಾನಿಕ ಹೆಸರಲ್ಲಿ ‘ಏನಿಯಾ’ ಎಂದ, ಕಂಚಿನದು ಅಂತ. ಘಟ್ಟದ್ದಕ್ಕೆ ಪಕ್ಷಿತಜ್ಞ ಜರ್ಡನ್ 1840ರಲ್ಲಿ ‘ಕುಪ್ರಿಯಾ’ ಎಂದ, ತಾಮ್ರದ್ದು. ಕಂಚು ಪಾರಿವಾಳ, ತಾಮ್ರ ಪಾರಿವಾಳ. ಜೋಡಿ ಚೆನ್ನಾಗಿದೆ.

ಉತ್ತರ:

ಹಸಿರು ಬೆನ್ನನ್ನು ಕಂಚು ಅಂದರೆ ದಾರಿಯಲ್ಲಿ ನಿಂತವರು ಯಾವ ಬಣ್ಣ ಹುಡುಕಬೇಕು? ಲ್ಯಾಟಿನ್ ಸಾಲ ಆಗುತ್ತದೆ, ಕನ್ನಡದ ಬೆಳವ ಆಗಲ್ಲ ಅಲ್ವಾ? ಇದೇ ನಮ್ಮ ರೋಗ.

ಉತ್ತರ:

ರೋಗ ಗೀಗ ಬೇಡ ಸರ್. ಬೆಳವ ಅಂದರೆ ಜನಕ್ಕೆ ನೆಲದ ಮೇಲೆ ಕಾಳು ಹೆಕ್ಕುವ ಹಕ್ಕಿ. ಇವು ಮರದ ತುದಿ ಬಿಟ್ಟು ಇಳಿಯುವುದೇ ಅಪರೂಪ. ‘ಹೆಬ್’ ಸೇರಿಸಿದರೆ ಗಾತ್ರ ಬದಲಾಗುತ್ತದೆ, ನಡೆ ಬದಲಾಗುವುದಿಲ್ಲ. ಪಾರಿವಾಳವನ್ನು ಸಾಲ ಎಂದು ಓಡಿಸುವುದಾದರೆ ತದ್ಭವಗಳ ಇಡೀ ಕಣಜವೇ ಖಾಲಿ. ಹಳೆಯ ವ್ಯಾಕರಣಕಾರ ಕೇಶಿರಾಜ ಅಪಭ್ರಂಶಕ್ಕೆ, ಅಂದರೆ ತದ್ಭವಕ್ಕೆ, ಒಂದು ಪ್ರಕರಣವನ್ನೇ ಕೊಟ್ಟಿದ್ದಾನೆ. ಆ ಪದಗಳನ್ನು ಪರಕೀಯ ಎಂದು ಆಚೆ ಇಟ್ಟವನಲ್ಲ.

ಕೇಳಿದವರಿಂದ:

ಎಲ್ಲರಿಗೂ ಧನ್ಯವಾದ. ‘ಹಸಿರು ಬೆನ್ನಿನ ದೊಡ್ಡ ಪಾರಿವಾಳ’, ‘ಮಲೆಯ ದೊಡ್ಡ ಪಾರಿವಾಳ’ ಎಂದು ಕಳಿಸುತ್ತಿದ್ದೇನೆ. ಎರಡರ ಕೆಳಗೂ ಬೀಜದ ಮಾತು ಹಾಕುತ್ತೇನೆ. ಟ್ರೆರಾನ್ ಚಿತ್ರ ಪಕ್ಕದಲ್ಲೇ ಇರುತ್ತದೆ.

ಉತ್ತರ:

‘ದೊಡ್ಡ ಪಾರಿವಾಳ’ ವರ್ಣನೆ, ಹೆಸರಲ್ಲ. ಅಚ್ಚಾಗುವ ಮುಂಚೆ ಇನ್ನೊಮ್ಮೆ ಯೋಚಿಸಿ.