ಓದುಗರ ಸ್ಪಂದನ: ಅಪ್ಪ ಕಟ್ಟಿದ ಕಂಪನಿ, ವಯಸ್ಸಾದ ವಿಮಾನಗಳು

ಸಮಸ್ಯೆ ಇದಾಗಿತ್ತು: "ಅಪ್ಪ ಕಟ್ಟಿದ, ವಿಮಾನ ಬಾಡಿಗೆಗೆ ಹಾರಿಸುವ ಸಣ್ಣ ಚಾರ್ಟರ್ ಕಂಪನಿ ಈಗ ನನ್ನ ಮತ್ತು ತಮ್ಮನ ಕೈಯಲ್ಲಿದೆ. ಇರುವುದು ಮೂರು ಸಣ್ಣ ವಿಮಾನ: ಎರಡು ಕಿಂಗ್ ಏರ್ ಬಿ200, ಒಂದು ಸೆಸ್ನಾ 402. ಮೂರಕ್ಕೂ ನಲವತ್ತರ ಆಸುಪಾಸು ವಯಸ್ಸು. ಒಂದು ಕಿಂಗ್ ಏರ್‌ನ ಎರಡೂ ಎಂಜಿನ್ ಓವರ್‌ಹಾಲ್‌ಗೆ (ಪೂರ್ತಿ ಬಿಚ್ಚಿ ಸರಿಮಾಡುವುದಕ್ಕೆ) ಬಂದಿವೆ. ಹೊಸ ವಿಮಾನಕ್ಕೆ ಬ್ಯಾಂಕ್ ಸಾಲ ಕೊಡುತ್ತಿಲ್ಲ. ಪೈಲಟ್‌ಗಳು ದೊಡ್ಡ ಏರ್‌ಲೈನ್‌ಗಳ ಕಡೆ ನೋಡುತ್ತಿದ್ದಾರೆ. ತಮ್ಮ ಹೇಗೋ ನಡೆಸೋಣ ಅನ್ನುತ್ತಾನೆ. ನನಗೆ ನಿದ್ದೆ ಬರುತ್ತಿಲ್ಲ. ನಡೆಸಬೇಕೋ, ಮಾರಬೇಕೋ?"

ನೋಡಮ್ಮ, ನಲವತ್ತು ವರ್ಷ ಅಂದಿದ್ದೀರಿ, ಅದರಿಂದ ನನಗೆ ಏನೂ ಗೊತ್ತಾಗಲಿಲ್ಲ. ಎಷ್ಟು ಗಂಟೆ ಹಾರಿವೆ, ಎಷ್ಟು ಸಲ ಏರಿ ಇಳಿದಿವೆ, ಎಂಥ ಹವೆಯಲ್ಲಿ ನಿಂತಿವೆ, ಅದನ್ನು ಹೇಳಿ. 1988ರಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ಹಾರುತ್ತಿರುವಾಗಲೇ ಮೇಲಿನ ಹೊದಿಕೆ ಕಿತ್ತುಹೋಯಿತಲ್ಲ, ಆಗ ಅದಕ್ಕೆ ಬರೀ 19 ವರ್ಷ. ಆದರೆ ದ್ವೀಪದಿಂದ ದ್ವೀಪಕ್ಕೆ ಪುಟ್ಟ ಪುಟ್ಟ ಹಾರಾಟ ಮಾಡಿ ಮಾಡಿ 89,680 ಸಲ ಏರಿಳಿದಿತ್ತು. ಪ್ರತಿ ಸಲವೂ ಒಳಗೆ ಒತ್ತಡ ತುಂಬಿದಾಗ ಮೈ ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ, ಜೊತೆಗೆ ಸಮುದ್ರದ ಉಪ್ಪುಗಾಳಿ ಬೇರೆ. ನಿಮ್ಮ ಕಿಂಗ್ ಏರ್‌ಗಳಿಗೂ ಇದೇ ಲೆಕ್ಕ. 402ರಲ್ಲಿ ಒತ್ತಡ ತುಂಬುವ ವ್ಯವಸ್ಥೆ ಇಲ್ಲ, ಅದರಲ್ಲಿ ನೋಡಬೇಕಾದ್ದು ರೆಕ್ಕೆಯ ಸ್ಪಾರ್, ಅಂದರೆ ರೆಕ್ಕೆಯ ಉದ್ದಕ್ಕೂ ಹೋಗುವ ಮುಖ್ಯ ತೊಲೆ.

ಒಂದು ದಿನ ಕಂಪ್ಯೂಟರ್ ಮುಚ್ಚಿ ಹ್ಯಾಂಗರ್‌ಗೆ ಹೋಗಿ. ಟಾರ್ಚ್ ಹಿಡಿದು ರೆಕ್ಕೆಯ ಕೆಳಗಿನ ರಿವೆಟ್ ಸಾಲು ನೋಡಿ. ಸಡಿಲವಾದ ರಿವೆಟ್ ಹಿಂದೆ, ಗಾಳಿ ಹೋಗುವ ದಿಕ್ಕಿಗೆ, ಮಸಿ ಎಳೆದಂಥ ಸಣ್ಣ ಕಪ್ಪು ಗೆರೆ ಇರುತ್ತದೆ. ಒರೆಸಿದರೆ ಹೋಗುತ್ತದೆ, ನಾಲ್ಕು ಹಾರಾಟ ಆದ ಮೇಲೆ ಮತ್ತೆ ಬರುತ್ತದೆ. ಆಮೇಲೆ ವಿಮಾನದ ದೋಷ, ರಿಪೇರಿ ಬರೆದಿಡುವ ಟೆಕ್ ಲಾಗ್ ತೆಗೆದುಕೊಂಡು ಕೂತು, ಒಂದೇ ದೋಷ ಎಷ್ಟು ಸಲ ಬರೆದಿದ್ದಾರೆ ಅಂತ ಕೆಂಪು ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಚಾಕ್ಸ್ ಓಷನ್ ಏರ್‌ವೇಸ್ ಅಂತ ಅಮೆರಿಕದ ಹಳೇ ಸಣ್ಣ ಕಂಪನಿ, ನೀರಿನ ಮೇಲೂ ಇಳಿಯುವ ಗ್ರಮ್ಮನ್ ಮಲ್ಲಾರ್ಡ್ ವಿಮಾನಗಳು ಅವರವು. 2005ರ ಡಿಸೆಂಬರ್‌ನಲ್ಲಿ, ಮಯಾಮಿಯಲ್ಲಿ, 1947ರಲ್ಲಿ ತಯಾರಾದ ಒಂದು ವಿಮಾನ ಏರಿದ ಸ್ವಲ್ಪ ಹೊತ್ತಿಗೇ ಬಲ ರೆಕ್ಕೆ ಕಳಚಿಬಿತ್ತು. 20 ಜನ ಸತ್ತರು. ಆ ರೆಕ್ಕೆಯಲ್ಲಿ ಇಂಧನ ಸೋರುವುದು ಮೊದಲೇ ಪದೇ ಪದೇ ಕಂಡಿತ್ತು. ಸೋರಿಕೆ ಮುಚ್ಚುವ ಸೀಲೆಂಟ್ ಹಚ್ಚಿದ್ದರು, ಅದರಡಿಯಲ್ಲಿ ಬಿರುಕು ಬೆಳೆಯುತ್ತಿತ್ತು. ಆ ಕಂಪನಿ ಮತ್ತೆ ಎದ್ದು ನಿಲ್ಲಲೇ ಇಲ್ಲ. ವಿಮಾನ ಹಳೆಯದು ಅನ್ನೋದು ಒಂದೇ ಕಾರಣ ಅಂತ ನಾನು ಒಪ್ಪುವುದಿಲ್ಲ. ತಿರುಗಿ ತಿರುಗಿ ಬರುವ ದೋಷಕ್ಕೆ ಮೂಲ ಹುಡುಕಲಿಲ್ಲ, ಅದು ಕಾರಣ. ನಿಮ್ಮ ಲಾಗ್‌ನಲ್ಲಿ ಅಂಥ ಕೆಂಪು ಗುರುತು ಜಾಸ್ತಿ ಇದ್ದರೆ, ಬಿಚ್ಚಿ ನೋಡುವವರೆಗೂ ಆ ವಿಮಾನ ಹಾರಬಾರದು. ತಮ್ಮನಿಗೂ ಅದನ್ನೇ ತೋರಿಸಿ.
— ನಿವೃತ್ತ ಏರ್‌ಕ್ರಾಫ್ಟ್ ಎಂಜಿನಿಯರ್

ಮೇಡಂ, ನಿಮ್ಮ ಪತ್ರದಲ್ಲಿ ನನಗೆ ಕಂಡ ದೊಡ್ಡ ತೂತು ಬೇರೆ. ಎಂಜಿನ್ ಓವರ್‌ಹಾಲ್ ಇದ್ದಕ್ಕಿದ್ದ ಹಾಗೆ ಬಂದ ಕಷ್ಟ ಅನ್ನೋ ಥರ ಬರೆದಿದ್ದೀರಿ. ಬಿ200ರ ಪಿಟಿ6 ಎಂಜಿನ್‌ಗೆ ಸಾಮಾನ್ಯವಾಗಿ 3,600 ಗಂಟೆಗೆ ಓವರ್‌ಹಾಲ್, ಅರ್ಧ ದಾರಿಯಲ್ಲಿ 1,800ರ ಹತ್ತಿರ ಹಾಟ್ ಸೆಕ್ಷನ್ (ಇಂಧನ ಉರಿಯುವ ಬಿಸಿ ಭಾಗ) ತಪಾಸಣೆ. ಮೊದಲ ದಿನದಿಂದ ಗೊತ್ತಿರುವ ವಿಷಯ ಅಲ್ವಾ ಇದು? ಪ್ರತಿ ಗಂಟೆಯ ಬಾಡಿಗೆಯಲ್ಲಿ ಒಂದು ಪಾಲು ಬೇರೆ ಖಾತೆಗೆ ಹೋಗಬೇಕಿತ್ತು. ಹೋಗಿಲ್ಲ ಅಂದರೆ ಇಷ್ಟು ವರ್ಷ ಲಾಭ ಅಂದುಕೊಂಡಿದ್ದರಲ್ಲಿ ಎಂಜಿನ್ನಿನ ದುಡ್ಡೂ ಸೇರಿತ್ತು. ಪ್ರೊಪೆಲ್ಲರ್, ಲ್ಯಾಂಡಿಂಗ್ ಗೇರ್ ಇನ್ನೂ ಸೂಕ್ಷ್ಮ: ಅವುಗಳಿಗೆ ಗಂಟೆ, ಇಳಿತಗಳ ಜೊತೆ ತಾರೀಖಿನ ಗಡುವೂ ಇರುತ್ತದೆ, ಹಾರದೆ ನಿಂತರೂ ಖರ್ಚು ಓಡುತ್ತದೆ. ಗಂಟೆಗೆ ಇಂತಿಷ್ಟು ಕಟ್ಟಿ ಎಂಜಿನ್ ಚಿಂತೆ ಕಂಪನಿಗೇ ಬಿಡುವ ಪದ್ಧತಿ ಇದೆ, 1962ರಲ್ಲೇ ಬ್ರಿಸ್ಟಲ್ ಸಿಡ್ಲಿ ಅದನ್ನು ವೈಪರ್ ಎಂಜಿನ್‌ಗೆ ಶುರು ಮಾಡಿತ್ತು. ಈಗ ಸೇರಲು ಹೋದರೆ ಹಿಂದೆ ಹಾರಿದ ಗಂಟೆಗಳಿಗೂ ದುಡ್ಡು ಕೇಳುವ ಸಾಧ್ಯತೆ ಜಾಸ್ತಿ, ಆದರೂ ಒಂದು ಕೊಟೇಷನ್ ತರಿಸಿ.

ಇನ್ನೊಂದು ಮಾತು. ಇಷ್ಟು ಹಳೇ ವಿಮಾನದಲ್ಲಿ ಬೆಲೆಯ ದೊಡ್ಡ ಪಾಲು ಇರುವುದೇ ಎಂಜಿನ್‌ಗಳಲ್ಲಿ ಉಳಿದ ಗಂಟೆಗಳಲ್ಲಿ. ಓವರ್‌ಹಾಲ್‌ಗೆ ಹಾಕಿದ ದುಡ್ಡು ಮಾರುವಾಗ ಪೂರ್ತಿ ವಾಪಸ್ ಬರುವುದಿಲ್ಲ, ಹಾರಿಸಿ ದುಡಿದೇ ಅದನ್ನು ತೆಗೆಯಬೇಕು. ಆದ್ದರಿಂದ ಮೊದಲು ಓವರ್‌ಹಾಲ್ ಮಾಡಿಸಿ ಆಮೇಲೆ ಮಾರೋಣ ಅನ್ನುವವರ ಮಾತು ಕೇಳಬೇಡಿ. ಎರಡು ಕಿಂಗ್ ಏರ್‌ಗಳಲ್ಲಿ ಒಂದನ್ನು ನಿಲ್ಲಿಸಿ ಬಿಡಿಭಾಗಕ್ಕೆ ಬಳಸುವುದೂ ಲೆಕ್ಕಕ್ಕೆ ಬರುತ್ತದೆ, ಆದರೆ ಪ್ರತಿ ಭಾಗದ ಹಿಂದಿನ ದಾಖಲೆ ಪಕ್ಕಾ ಇರಬೇಕು. ಕಾಗದ ಇಲ್ಲದ ಭಾಗ ಗುಜರಿ, ಅಷ್ಟೇ.
— ಲೆಕ್ಕಪತ್ರ ನೋಡುವವಳು

ಎಲ್ಲರೂ ಹೆದರಿಸುತ್ತಿದ್ದಾರೆ ಅಂತ ನಾನು ಬರೆಯುತ್ತಿದ್ದೇನೆ ಅಕ್ಕ. ಡಿಸಿ-3 ಅನ್ನೋ ವಿಮಾನ ಮೊದಲು ಹಾರಿದ್ದು 1935ರಲ್ಲಿ, ಇವತ್ತಿಗೂ ಕೆಲವು ದುಡಿಯುತ್ತಿವೆ, ಹಲವಕ್ಕೆ ಪಿಟಿ6 ಎಂಜಿನ್ ಕೂಡಿಸಿದ್ದಾರೆ. ಟ್ವಿನ್ ಆಟರ್ ಅನ್ನೋ ಸಣ್ಣ ವಿಮಾನದ ತಯಾರಿಕೆ 1988ರಲ್ಲಿ ನಿಂತಿತ್ತು. ಹಳೆಯವನ್ನೇ ಓಡಿಸುತ್ತಿದ್ದ ಸಣ್ಣ ಆಪರೇಟರ್‌ಗಳಿಂದ ಬೇಡಿಕೆ ಹೋಗಲೇ ಇಲ್ಲ, ಕೊನೆಗೆ ಕೆನಡಾದ ವೈಕಿಂಗ್ ಏರ್ ಅದನ್ನು ಮತ್ತೆ ತಯಾರಿಸಲು ಶುರು ಮಾಡಿ 2010ರಲ್ಲಿ ಮೊದಲ ಹೊಸ ವಿಮಾನ ಕೊಟ್ಟಿತು. ಕಿಂಗ್ ಏರ್ ಅಂತೂ 1964ರಿಂದ ಬಿಡದೆ ನಡೆದುಬಂದ ವಂಶ, ಬಿಡಿಭಾಗ, ಮೆಕ್ಯಾನಿಕ್, ಸಿಮ್ಯುಲೇಟರ್ ಎಲ್ಲ ಸಿಗುತ್ತವೆ. ಒಂದು ಬಿ200 ಇಟ್ಟುಕೊಂಡು ಚೆನ್ನಾಗಿ ನೋಡಿಕೊಂಡರೆ ಇನ್ನೂ ಬಹಳ ದುಡಿಯುತ್ತದೆ.

ಆದರೆ 402 ಬಿಡಿ, ದಯವಿಟ್ಟು. ಅದರ ತಯಾರಿಕೆ 1985ರಲ್ಲೇ ಮುಗಿಯಿತು. ಕುಡಿಯುವುದು ಸೀಸ ಬೆರೆತ ಪೆಟ್ರೋಲ್, ಅಮೆರಿಕದಲ್ಲೇ 2030ರ ಕೊನೆಯೊಳಗೆ ಅದನ್ನು ನಿಲ್ಲಿಸುವ ಗುರಿ ಇಟ್ಟುಕೊಂಡಿದ್ದಾರೆ. 402ಗಳ ಮೇಲೇ ನಿಂತಿದ್ದ ಅಮೆರಿಕದ ಕೇಪ್ ಏರ್ ಕಂಪನಿ ಕೂಡ 2019ರಿಂದ ಟೆಕ್ನಾಮ್ ಪಿ2012 ಅನ್ನೋ ಹೊಸ ವಿಮಾನಕ್ಕೆ ಹೊರಳಿಕೊಳ್ಳುತ್ತಿದೆ. ಕೊಳ್ಳುವವರು ಇರುವಾಗಲೇ ಮಾರಿ.
— ಟರ್ಬೊಪ್ರಾಪ್ ಪೈಲಟ್

ನಾನು ಒಂದು ಗಣಿ ಕಂಪನಿಗೆ ಚಾರ್ಟರ್ ಬುಕ್ ಮಾಡುವವನು, ಅಂದರೆ ನಿಮ್ಮಂಥವರ ಗಿರಾಕಿ. ನಮಗೆ ಬೇಕಾಗಿರುವುದು ಆಡಿಟ್ ದಾಟುವ ಆಪರೇಟರ್. ತರಬೇತಿ ದಾಖಲೆ, ಕೆಲಸದ ಗಂಟೆಗಳ ದಾಖಲೆ, ಮೆಂಟೆನೆನ್ಸ್ ಎಲ್ಲ ಕೇಳುತ್ತೇವೆ. ವಿಮಾನ ಹಳೆಯದಾದರೂ ಫೈಲ್ ಕ್ಲೀನ್ ಇದ್ದವರಿಗೆ ಕೆಲಸ ಕೊಟ್ಟಿದ್ದೇವೆ, ಹೊಸ ವಿಮಾನ ಇಟ್ಟುಕೊಂಡು ಫೈಲ್ ಅರ್ಧಂಬರ್ಧ ಇದ್ದವರನ್ನು ವಾಪಸ್ ಕಳಿಸಿದ್ದೇವೆ.

ನೀವು ಮರೆತ ಆಸ್ತಿ ಒಂದಿದೆ: ನಿಮ್ಮ ಆಪರೇಟರ್ ಸರ್ಟಿಫಿಕೇಟ್, ಅಂದರೆ ಬಾಡಿಗೆ ಹಾರಾಟ ನಡೆಸುವ ಪರವಾನಗಿ. ಅದನ್ನು ಹೊಸದಾಗಿ ಪಡೆಯಲು ಎಷ್ಟು ಒದ್ದಾಟ ಅಂತ ನಿಮ್ಮಪ್ಪನ ಫೈಲ್ ನೋಡಿದರೆ ತಿಳಿಯುತ್ತದೆ. ಸ್ವಂತ ವಿಮಾನ ಇರುವ, ಅದನ್ನು ನಡೆಸಲು ಬಾರದ ಶ್ರೀಮಂತರು ಎಲ್ಲ ಕಡೆ ಇದ್ದಾರೆ. ಅವರ ವಿಮಾನ ನಿಮ್ಮ ಸರ್ಟಿಫಿಕೇಟ್ ಮೇಲೆ ಬರಲಿ. ಬಂಡವಾಳ ಅವರದು, ನಡೆಸುವ ಶುಲ್ಕ ನಿಮ್ಮದು, ಅವರು ಬಳಸದ ದಿನ ಚಾರ್ಟರ್. ರೆಗ್ಯುಲೇಟರ್ ಒಪ್ಪಿಗೆ ಬೇಕು, ಮಾಲೀಕರ ಮೂಡ್ ಸಹಿಸಬೇಕು. (ಎರಡನೆಯದೇ ಕಷ್ಟ.) ಖಾಯಂ ಗಿರಾಕಿಯಿಂದ ಎರಡು ಮೂರು ವರ್ಷದ ಕಾಂಟ್ರ್ಯಾಕ್ಟ್ ಬರೆಸಿಕೊಂಡು ಲೀಸಿಂಗ್ ಕಂಪನಿ ಹತ್ತಿರ ಹೋಗಿ. ಬ್ಯಾಂಕ್ ಬೇಡ ಅಂದಿದ್ದಕ್ಕೆ ಅವರು ಕಿವಿಗೊಡಬಹುದು.
— ಒಬ್ಬ ಗಿರಾಕಿ

ಉಳಿದವರು ವಿಮಾನದ ವಿಷಯ ಹೇಳಿಬಿಟ್ಟರು. ಪೈಲಟ್‌ಗಳ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ಒಂದು ಸಣ್ಣ ಕಂಪನಿಯ ಆಪರೇಷನ್ಸ್ ಮೇಜಿನಲ್ಲಿ ಕೂತು ಅದು ಖಾಲಿಯಾಗುವುದನ್ನು ನೋಡಿದ್ದೇನೆ. ಜನ ಸಂಬಳಕ್ಕೆ ಹೋದರು ಅಂತ ಮಾಲೀಕರು ಹೇಳುತ್ತಿದ್ದರು. ಹೋದವರು ನನ್ನ ಹತ್ತಿರ ಹೇಳಿದ್ದು ಬೇರೆ: ನಾಳೆ ಏನು ಅಂತ ಯಾರೂ ಹೇಳುತ್ತಿರಲಿಲ್ಲ, ಮೆಕ್ಯಾನಿಕ್ ಮುಖ ನೋಡಿ ಊಹೆ ಮಾಡಬೇಕಿತ್ತು. ನೀವು ಮತ್ತು ತಮ್ಮ ಒಂದೇ ಮಾತಿಗೆ ಬರುವವರೆಗೆ ಸಿಬ್ಬಂದಿ ಎದುರು ಜಗಳ ಬೇಡ. ಬಂದ ಮೇಲೆ, ಬ್ರೋಕರ್‌ಗೆ ಫೋನ್ ಮಾಡುವ ಮೊದಲು, ಎಲ್ಲರನ್ನೂ ಹ್ಯಾಂಗರ್‌ಗೆ ಕರೆದು ಯಾವ ವಿಮಾನ ಹೋಗುತ್ತದೆ, ಯಾವುದು ಉಳಿಯುತ್ತದೆ, ಯಾರ ಕೆಲಸಕ್ಕೆ ತೊಂದರೆ ಇದೆ ಅಂತ ನೀವೇ ಹೇಳಿ. ಪತ್ರ ಬರೆದವರು ನೀವು, ನಿದ್ದೆ ಕೆಟ್ಟಿರುವುದು ನಿಮ್ಮದು. ಹಾಗಾಗಿ ಆ ದಿನ ಮಾತಾಡುವವರೂ ನೀವೇ ಆಗಿರಿ, ತಮ್ಮನನ್ನು ಮುಂದೆ ಬಿಡಬೇಡಿ.
— ಹಳೇ ಡಿಸ್ಪ್ಯಾಚರ್