ಕನ್ನಡದಲ್ಲಿ ‘ದೊಡ್ಡ’ ನಾಮಪದವಾದರೆ ಇಂಗ್ಲಿಷ್‌ನ ‘ಬಿಗ್’ ಏಕಲ್ಲ?

ಪ್ರಶ್ನೆ: ಶಿರಸಿಯ ಒಬ್ಬ ತಂದೆ
ನಮಸ್ಕಾರ. ಮಗಳು ಎಂಟನೆಯ ತರಗತಿಯಲ್ಲಿದ್ದಾಳೆ. ‘ದ ಬಿಗ್ ಡಾಗ್ ಚೇಸ್ಡ್ ತ್ರೀ ಬಾಯ್ಸ್’ ಎಂಬ ವಾಕ್ಯದಲ್ಲಿ ನೌನ್‌ಗಳಿಗೆ ಗೆರೆ ಎಳೆಯಬೇಕಿತ್ತು. ಅವಳು ಡಾಗ್, ಬಾಯ್ಸ್ ಜೊತೆಗೆ ಬಿಗ್, ತ್ರೀಗಳಿಗೂ ಎಳೆದಳು. ಆ ಎರಡಕ್ಕೂ ಕೆಂಪು ಶಾಯಿಯ ಗೀಟು ಬಿದ್ದಿದೆ. ಮನೆಗೆ ಬಂದವಳೇ ಕನ್ನಡ ವ್ಯಾಕರಣದ ಪುಸ್ತಕ ತೆರೆದು ಹಿಡಿದಳು. ನಾಮಪದದ ಬಗೆಗಳಲ್ಲೇ ಗುಣವಾಚಕವೂ ಇದೆ, ಸಂಖ್ಯಾವಾಚಕವೂ ಇದೆ. “ಇಲ್ಲಿ ಸರಿ, ಅಲ್ಲಿ ತಪ್ಪು, ಹೇಗೆ ಅಪ್ಪಾ?” ಎನ್ನುತ್ತಾಳೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ 1
ವ್ಯಕ್ತಿ, ಸ್ಥಳ, ವಸ್ತುವಿನ ಹೆಸರು ನೌನ್. ಬಿಗ್ ಅಡ್ಜೆಕ್ಟಿವ್. ಇಷ್ಟನ್ನು ಬಾಯಿಪಾಠ ಮಾಡಿಸಿ, ಸಾಕು.

ಉತ್ತರ 2: ನಿವೃತ್ತ ಇಂಗ್ಲಿಷ್ ಶಿಕ್ಷಕಿ
ಸಾಕಾಗುವುದಿಲ್ಲ. ‘ಹಂಗರ್’, ‘ಅರೈವಲ್’ ಬಂದ ದಿನ ಆ ಬಾಯಿಪಾಠ ಕೈಕೊಡುತ್ತದೆ. ಹಸಿವು ಯಾವ ವಸ್ತು?

ನಿಮ್ಮ ಮಗಳು ಕೇಳಿದ್ದು ತೂಕದ ಪ್ರಶ್ನೆ. ಕನ್ನಡದಲ್ಲಿ ವಿಭಕ್ತಿ ಹತ್ತಿದ್ದು ನಾಮಪದ. ದೊಡ್ಡದನ್ನು, ದೊಡ್ಡವರಿಗೆ, ಮೂರರಿಂದ ಎನ್ನುತ್ತೇವಲ್ಲ, ಆದ್ದರಿಂದ ಅವಕ್ಕೂ ಅಲ್ಲಿ ಜಾಗ ಸಿಕ್ಕಿದೆ. ಇಂಗ್ಲಿಷ್‌ನಲ್ಲಿ ವಿಭಕ್ತಿಯ ಆ ಸರಣಿಯೇ ಇಲ್ಲ. ಪದ ವಾಕ್ಯದಲ್ಲಿ ಎಲ್ಲಿ ಕುಳಿತಿದೆ, ಏನು ಕೆಲಸ ಮಾಡುತ್ತಿದೆ ಎಂದು ನೋಡಬೇಕು. ಬಿಗ್ ‘ಬಿಗ್ಗರ್’ ಆಗುತ್ತದೆ, ‘ಡಾಗ್ಗರ್’ ಆಗುವುದಿಲ್ಲ. ಡಾಗ್‌ಗೆ ಬಹುವಚನದ ‘ಎಸ್’ ಹತ್ತುತ್ತದೆ. ಹಂಗರ್‌ಗೆ ಸಾಮಾನ್ಯವಾಗಿ ಹತ್ತದಿದ್ದರೂ ‘ಹಿಸ್ ಹಂಗರ್’ ಎನ್ನಬಹುದು, ಅಷ್ಟರಲ್ಲೇ ಅದರ ಗುರುತು ಸಿಕ್ಕಿತು.

ತ್ರೀ ಕೂಡ ‘ತ್ರೀ ಈಸ್ ಆ್ಯನ್ ಆಡ್ ನಂಬರ್’ ಎಂಬಲ್ಲಿ ನೌನೇ! ಬಾಯ್ಸ್ ಮುಂದೆ ಬಂದು ಎಷ್ಟು ಹುಡುಗರೆಂದು ಹೇಳಿದಾಗ ಮಾತ್ರ ಅಲ್ಲ.

ಇನ್ನೊಂದನ್ನೂ ಅವಳಿಗೆ ಖಂಡಿತ ಹೇಳಿ. ಲ್ಯಾಟಿನ್ ಮಾದರಿ ಹಿಡಿದ ಹಳೆಯ ಇಂಗ್ಲಿಷ್ ವ್ಯಾಕರಣಗಳು ‘ನೌನ್ ಸಬ್‌ಸ್ಟಂಟಿವ್’ (ಇಂದಿನ ನೌನ್), ‘ನೌನ್ ಅಡ್ಜೆಕ್ಟಿವ್’ (ಇಂದಿನ ಅಡ್ಜೆಕ್ಟಿವ್) ಎಂದು ಎರಡನ್ನೂ ಒಂದೇ ಮನೆಯಲ್ಲಿ ಇಟ್ಟಿದ್ದವು. ಬೇರೆ ಮಾಡಿದ್ದು ಆಮೇಲೆ. ಆ ಕಾಲದಲ್ಲಾಗಿದ್ದರೆ ಅವಳು ಬಿಗ್‌ಗೆ ಎಳೆದ ಗೆರೆಗೆ ಅಂಕ ಸಿಗುತ್ತಿತ್ತು.

ಪ್ರಶ್ನೆ ಕೇಳಿದವರು
ಮೇಡಂ, ನಿಮ್ಮ ಉತ್ತರವನ್ನು ಎರಡು ಸಲ ಓದಿಸಿಕೊಂಡಳು. ರಾತ್ರಿ ಇಸ್ತ್ರಿ ಪೆಟ್ಟಿಗೆ ಕಂಡು ‘ಐರನ್’ ಪದ ಹಿಡಿದು ಮೂರು ವಾಕ್ಯ ಬರೆದಿದ್ದಾಳೆ. ಗೇಟು ಐರನ್‌ನಿಂದ ಮಾಡಿದ್ದು: ಲೋಹ, ಮೆಟೀರಿಯಲ್ ನೌನ್. ‘ಆ್ಯನ್ ಐರನ್’: ಪೆಟ್ಟಿಗೆ, ಕಾಮನ್ ನೌನ್. ‘ಮದರ್ ಐರನ್ಸ್ ದ ಶರ್ಟ್’ನಲ್ಲಿ ಸಿಕ್ಕಿಬಿದ್ದಳು. ‘ಎಸ್’ ಇದೆಯಲ್ಲ, ಇದೂ ನೌನೇ?

ಉತ್ತರ 2
ಭೇಷ್! ಅದೇ ವಾಕ್ಯಕ್ಕೆ ‘ಯೆಸ್ಟರ್‌ಡೇ’ ಸೇರಿಸಲು ಹೇಳಿ. ಐರನ್ಸ್ ‘ಐರನ್ಡ್’ ಆಗುತ್ತದೆ. ನಿನ್ನೆಗೆ ಒಂದು ರೂಪ, ಇಂದಿಗೆ ಒಂದು ರೂಪ ತಳೆಯುವುದು ಕ್ರಿಯಾಪದ. ಶರ್ಟ್ ಮಾತ್ರ ನಿನ್ನೆಯೂ ಶರ್ಟೇ.