ರಾಮಕಿಂಕರ ಬೈಜ್ ಕಂಚು ಬಿಟ್ಟು ಸಿಮೆಂಟು ಹಿಡಿದದ್ದು ಯಾಕೆ?

ಕಡಲೂರ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಾನು ಉತ್ತರ ಕನ್ನಡದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಹೋದ ಡಿಸೆಂಬರಿನಲ್ಲಿ ಶಾಂತಿನಿಕೇತನಕ್ಕೆ ಹೋಗಿದ್ದೆ. ಶಿಲ್ಪಿ ರಾಮಕಿಂಕರರ 'ಸಂತಾಲ ಕುಟುಂಬ' ಅನ್ನುವ ಶಿಲ್ಪದ ಮುಂದೆ ಅರ್ಧ ಗಂಟೆ ನಿಂತೇಬಿಟ್ಟೆ (ಸಂತಾಲರು ಆ ಕಡೆಯ ಬುಡಕಟ್ಟು ಜನ). ಗಂಡಸಿನ ಹೆಗಲ ಮೇಲೆ ಅಡ್ಡೆ, ಅದರ ಬುಟ್ಟಿಯಲ್ಲಿ ಮಗು, ಪಕ್ಕದಲ್ಲಿ ಹೆಂಡತಿ, ಜೊತೆಗೊಂದು ನಾಯಿ. ಮೈಯೆಲ್ಲ ಹರಳು ಹರಳು, ನಮ್ಮೂರಿನ ಚಿರೆಕಲ್ಲಿನ ಹಾಗೆ. ಫೋಟೋ ತೋರಿಸಿದಾಗ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ಸರ್, ಇದಕ್ಕೆ ಪ್ಲಾಸ್ಟರ್ ಮಾಡೋದು ಇನ್ನೂ ಬಾಕಿ ಇದ್ಯಾ?" ಸರಿಯಾದ ಉತ್ತರ ನನ್ನ ಹತ್ತಿರ ಇರಲಿಲ್ಲ. ಗೊತ್ತಿದ್ದವರು ಹೇಳ್ತೀರಾ?

ಬೋಲ್ಪುರದ ಹಳಬ:
ಮೇಷ್ಟ್ರೇ, ಆ ಹುಡುಗಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ. ಏನೂ ಬಾಕಿ ಇಲ್ಲ, ಅವರು ಬೇಕಂತಲೇ ಹಾಗೆ ಬಿಟ್ಟದ್ದು. ನಾನು ಅಲ್ಲಿ ಎರಡು ವರ್ಷ ಶಿಲ್ಪ ಕಲಿತವನು. ದಿನಾ ಬೆಳಿಗ್ಗೆ ಆ ಕುಟುಂಬದ ಪಕ್ಕದಲ್ಲೇ ಹಾದು ಹೋಗುತ್ತಿದ್ದೆ.

ದುಡ್ಡಿರಲಿಲ್ಲ ಅನ್ನುವುದು ನಿಜ. ಅದು 1938. ಅಷ್ಟು ದೊಡ್ಡದನ್ನು ಕಂಚಿನಲ್ಲಿ ಎರಕ ಹೊಯ್ಯುವ ಮಾತೇ ಇರಲಿಲ್ಲ. ಆದರೆ ಬಡತನ ಅಂತ ಹೇಳಿ ಸುಮ್ಮನಾದರೆ ಅವರಿಗೆ ಅನ್ಯಾಯ. ಕಬ್ಬಿಣದ ಸರಳಿನ ಚೌಕಟ್ಟು ನಿಲ್ಲಿಸಿ, ಸಿಮೆಂಟಿಗೆ ಆ ನೆಲದ ಕೆಂಪು ಹರಳನ್ನೇ ಕಲಸಿ, ಕೈಯಿಂದ ಎಸೆದು ಎಸೆದು ಮೈ ತುಂಬಿಸಿದರು. ಮಣ್ಣಿನ ಮೂರ್ತಿಯನ್ನು ಹತ್ತು ಸಲ ತಿದ್ದಬಹುದು. ಸಿಮೆಂಟು ಕಾಯುವುದಿಲ್ಲ. ನಾನೂ ಒಮ್ಮೆ ಒಂದು ಎಮ್ಮೆ ಮಾಡಲು ಹೋಗಿದ್ದೆ. ಕಾಲು ಮುಗಿಸುವಷ್ಟರಲ್ಲಿ ಬಾಂಡ್ಲಿಯಲ್ಲಿದ್ದದ್ದು ಗಟ್ಟಿ! ಅವರ ಕೈ ಎಷ್ಟು ಚುರುಕು, ಎಷ್ಟು ಖಚಿತ ಅಂತ ಅವತ್ತು ತಿಳಿಯಿತು.

ಅವರು ಹುಟ್ಟಿದ್ದು 1906ರಲ್ಲಿ, ಬಂಗಾಳದ ಬಾಂಕುಡಾದ ಬಡ ಕ್ಷೌರಿಕರ ಮನೆಯಲ್ಲಿ. ಊರಿನ ಮೂರ್ತಿ ಮಾಡುವವರನ್ನು ನೋಡಿ ನೋಡಿಯೇ ಕೈ ಪಳಗಿತು. ಅಸಹಕಾರ ಚಳವಳಿಯ ಕಾಲದಲ್ಲಿ ನಾಯಕರ ಚಿತ್ರ ಬರೆಯುತ್ತಿದ್ದ ಈ ಹುಡುಗ ಪತ್ರಿಕಾ ಸಂಪಾದಕ ರಾಮಾನಂದ ಚಟರ್ಜಿಯವರ ಕಣ್ಣಿಗೆ ಬಿದ್ದ. ಹೀಗೆ 1925ರಲ್ಲಿ ಶಾಂತಿನಿಕೇತನ ಸೇರಿದ್ದು. ಗುರು ಚಿತ್ರಕಾರ ನಂದಲಾಲ್ ಬೋಸ್. ಆಮೇಲೆ ಅಲ್ಲೇ ಮೇಷ್ಟ್ರಾದರು, ಆ ಊರು ಬಿಡಲೇ ಇಲ್ಲ. ಸುತ್ತಲಿನವರು ಜಲವರ್ಣ ಹಿಡಿದಿದ್ದಾಗ ಇವರು ತೈಲವರ್ಣದಲ್ಲಿ ಬರೆದರು.

'ಮಿಲ್ ಕಾಲ್' ನೋಡಿದಿರಾ? 1956ರದು. ಗಿರಣಿಯ ಸೈರನ್ ಕೂಗಿದೆ, ಇಬ್ಬರು ಹೆಂಗಸರು ಓಡುತ್ತಿದ್ದಾರೆ. ಒದ್ದೆ ಸೀರೆ ಒಣಗಿಸಲು ಹೊತ್ತಿಲ್ಲ, ಓಡುತ್ತಲೇ ಗಾಳಿಗೆ ಹಿಡಿದಿದ್ದಾರೆ. ಹಿಂದೆ ಒಬ್ಬ ಹುಡುಗ. ಸಿಮೆಂಟಿನ ಬಟ್ಟೆ ಹಾರುತ್ತದೆ ಅಂದರೆ ನಂಬುತ್ತೀರಾ? ನನಗೆ ಅವರ ಕೆಲಸದಲ್ಲೆಲ್ಲ ಅದೇ ಜಾಸ್ತಿ ಇಷ್ಟ. ರಾಜರ, ನಾಯಕರ ಪ್ರತಿಮೆಗಷ್ಟೇ ಸಿಗುತ್ತಿದ್ದ ಎತ್ತರವನ್ನು ಅವರು ಕೂಲಿ ಜನಕ್ಕೆ ಕೊಟ್ಟರು.

ದೆಹಲಿ ಕನ್ನಡತಿ:
ನಮ್ಮ ದೆಹಲಿಯಲ್ಲೂ ಅವರ ಕೆಲಸ ಇದೆ ಸರ್. ಸಂಸದ್ ಮಾರ್ಗದ ರಿಸರ್ವ್ ಬ್ಯಾಂಕಿನ ಬಾಗಿಲಲ್ಲಿ ಯಕ್ಷ, ಯಕ್ಷಿ. ಅವು ಮಾತ್ರ ಕಲ್ಲಿನವು. ಮುಗಿಸಲು ಹತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ಯಕ್ಷನ ಒಂದು ಕೈಯಲ್ಲಿ ಹಣದ ಚೀಲ, ಇನ್ನೊಂದರಲ್ಲಿ ಯಂತ್ರದ ಹಲ್ಲುಚಕ್ರ. ಬಸ್ಸಿನಿಂದಲೇ ಮಗನಿಗೆ ತೋರಿಸುತ್ತೇನೆ.

ಗಾರೆ ಕೆಲಸದ ಗಿರಿ:
ಮೇಷ್ಟ್ರೇ, ಮಕ್ಕಳ ಕೈಯಲ್ಲಿ ಮಾಡಿಸುವುದಾದರೆ ಎರಡು ಮಾತು. ಚಿರೆಕಲ್ಲಿನ ಚೂರು ನೀರು ಹೀರುತ್ತದೆ, ಮೊದಲೇ ಚೆನ್ನಾಗಿ ನೆನೆಸಿ. ಸರಳಿಗೆ ಕೋಳಿ ಜಾಲರಿ ಕಟ್ಟಿ, ಇಲ್ಲದಿದ್ದರೆ ಮಾಲು ಜಾರುತ್ತದೆ. ಕೊನೆಗೆ ಒದ್ದೆ ಗೋಣಿ ಹೊದಿಸಿ ಕಡಿಮೆ ಅಂದರೂ ಏಳು ದಿನ ನೀರು ಹಾಕಿ. ಕೈಗೆ ಗ್ಲೌಸ್ ಬೇಕೇ ಬೇಕು, ಸಿಮೆಂಟು ಮಕ್ಕಳ ಚರ್ಮ ಸುಡುತ್ತದೆ.

ಕಡಲೂರ ಮೇಷ್ಟ್ರು:
ಎಲ್ಲರಿಗೂ ತುಂಬ ಥ್ಯಾಂಕ್ಸ್. ಇವತ್ತು ಇದನ್ನೆಲ್ಲ ಕ್ಲಾಸಿನಲ್ಲಿ ಓದಿ ಹೇಳಿದೆ. "ಹಾಗಾದ್ರೆ ನಮ್ಮಜ್ಜಿನ ಮಾಡೋಣ ಸರ್" ಅಂದಳು ಅದೇ ಹುಡುಗಿ. ಅವಳಜ್ಜಿ ದಿನಾ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ನಮ್ಮ ಶಾಲೆಯ ಮುಂದೆಯೇ ಹೋಗುತ್ತಾರೆ. ಹೆಡ್ ಮೇಷ್ಟ್ರು ಎರಡು ಚೀಲ ಸಿಮೆಂಟಿಗೆ ಒಪ್ಪಿದ್ದಾರೆ. ಗಿರಿಯವರೇ, ಬುಟ್ಟಿಯ ಭಾರ ತಡೆಯಲು ಕುತ್ತಿಗೆಗೆ ಎಷ್ಟು ದಪ್ಪದ ಸರಳು ಹಾಕಲಿ?